ಸೊಂಟಕ್ಕೆ ಕತ್ತರಿ ಬಿದ್ದ ಹುಲಿಗಳು

ದಿಂಬಕ್ಕನ ಬಾಯಿಗೆ ಹೆದರದೇ ಇದ್ದದ್ದು ಆ ಕಾರ್ಖಾನೆಯಲ್ಲಿ ಎರಡೇ. ಒಂದು ಗೋಡೆ ಗಡಿಯಾರ. ಅದು ಯಾರ ಮಾತನ್ನೂ ಕೇಳದೆ ವರ್ಷಗಳಿಂದ ಹತ್ತು ನಿಮಿಷ ಹಿಂದೆಯೇ ನಡೆಯುತ್ತಿತ್ತು. ಇನ್ನೊಂದು ಅವಳ ಗಂಡನ ಅಣ್ಣ. ಕಾರ್ಖಾನೆ ಅಂದ ಕೂಡಲೇ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಮರದ ಸಾಮಾನಿನ ಅಂಗಡಿ ಸಾಲಿನ ಹಿಂದೆ ಕಬ್ಬಿಣದ ಮೆಟ್ಟಿಲು ಹತ್ತಿದರೆ ಒಂದು ಉದ್ದನೆಯ ಕೋಣೆ, ಆರು ಹೊಲಿಗೆ ಯಂತ್ರ, ಮೂಲೆಯಲ್ಲಿ ಹತ್ತಿ ತುಂಬಿದ ಚೀಲಗಳ ಗುಡ್ಡ, ಕಿಟಕಿಯ ಪಕ್ಕ ಬಟ್ಟೆ ಕತ್ತರಿಸುವ ಮೇಜು. ಊರಿನ ಸೋಫಾಗಳ ಮೇಲೆ ಜನ ಆನಿಕೊಂಡು ಕಾಲು ಚಾಚುವ ದಿಂಬುಗಳಲ್ಲಿ ಅರ್ಧಕ್ಕರ್ಧ ಅಲ್ಲಿ ಹುಟ್ಟಿದವು.

ಅವಳು ಅಲ್ಲಿಗೆ ಬಂದದ್ದು ಇಪ್ಪತ್ತೆರಡರ ಹೊಸ ಸೊಸೆಯಾಗಿದ್ದಾಗ. ಕರೆದುಕೊಂಡು ಬಂದದ್ದು ಇದೇ ಭಾವ. ಅವರು ಅಲ್ಲಿ ಕಟಿಂಗ್ ಮಾಸ್ಟರ್. ಅಪ್ಪ ಸತ್ತಾಗ ಹನ್ನೊಂದು ವರ್ಷದ ತಮ್ಮನನ್ನು ಸಾಕಿ, ಓದಿಸಿ, ಮದುವೆ ಮಾಡಿಸಿ, ಆಮೇಲೆ ತಮ್ಮನ ಹೆಂಡತಿಗೂ ಕೆಲಸ ಕೊಡಿಸಿದ ಮನುಷ್ಯ. ಇದನ್ನು ದಿಂಬಕ್ಕ ಎಂದೂ ಮರೆತವಳಲ್ಲ. ಮರೆಯೋಣ ಅಂದರೂ ಭಾವ ಬಿಡುತ್ತಿರಲಿಲ್ಲ, ವಾರಕ್ಕೊಮ್ಮೆಯಾದರೂ ನೆನಪಿಸುತ್ತಿದ್ದರು. ಮೊದಲ ದಿನ ಅವಳು ಹೊಲಿದ ದಿಂಬು ಉಬ್ಬಿದ ಮೊರದ ಹಾಗಿತ್ತಂತೆ. ಈಗ, ಮೂವತ್ತೊಂದು ವರ್ಷದ ಮೇಲೆ, ಕಣ್ಣು ಮುಚ್ಚಿ ಹೊಲಿದರೂ ಅವಳ ಮೂಲೆಗಳು ಸೂಜಿ ಮೊನೆಯ ಹಾಗೆ ಬರುತ್ತಿದ್ದವು. ಅವಳ ನಿಜವಾದ ಹೆಸರು ಸಂಬಳದ ಚೀಟಿಗೆ ಮಾತ್ರ ಗೊತ್ತಿತ್ತು.

ಆದರೆ ಅವಳಿಗೆ ಬೇಕಾಗಿದ್ದು ಹೊಲಿಗೆಯ ಹೊಗಳಿಕೆಯಲ್ಲ. ಅವಳಿಗೆ ಆ ಮೇಜು ಬೇಕಾಗಿತ್ತು. ಹೊಲಿಯುವವರು ಎಷ್ಟೇ ಚೆನ್ನಾಗಿ ಹೊಲಿಯಲಿ, ಕತ್ತರಿಸಿ ಕೊಟ್ಟದ್ದನ್ನು ಜೋಡಿಸುವವರು, ಅಷ್ಟೆ. ಬಟ್ಟೆಯ ಥಾನು ಬಿಚ್ಚಿ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಇಲ್ಲಿ ಮುಂಭಾಗ, ಇಲ್ಲಿ ಹಿಂಭಾಗ ಎಂದು ತೀರ್ಮಾನ ಮಾಡುವವನೇ ಯಜಮಾನ. ಆ ಕೋಣೆಯಲ್ಲಿ ಹೆಂಗಸರು ಹೊಲಿಯಬೇಕು, ಗಂಡಸು ಕತ್ತರಿಸಬೇಕು ಎಂದು ಯಾರೋ ಯಾವಾಗಲೋ ಮಾಡಿಟ್ಟ ಕಟ್ಟಳೆ. ಯಾರು ಮಾಡಿದರು ಎಂದು ಕೇಳಿದರೆ ಕಾರ್ಖಾನೆಯ ಒಡೆಯರಾದ ಸಾಹುಕಾರರು ಗೋಡೆಯ ಮೇಲಿನ ತಮ್ಮ ಅಪ್ಪನ ಫೋಟೋ ತೋರಿಸುತ್ತಿದ್ದರು. ಫೋಟೋ ಜೊತೆ ವಾದ ಮಾಡುವುದು ದಿಂಬಕ್ಕನ ಕೈಲೂ ಆಗಲಿಲ್ಲ.

ಇದರಲ್ಲಿ ತಮಾಷೆ ಏನೆಂದರೆ, ಎರಡು ವರ್ಷದಿಂದ ಆ ಮೇಜಿನ ಕೆಲಸ ಮಾಡುತ್ತಿದ್ದವಳು ಅವಳೇ.

ಭಾವನ ಕಣ್ಣಿಗೆ ಪೊರೆ ಬಂದಿತ್ತು. ಅವರು ಯಾರಿಗೂ ಹೇಳಲಿಲ್ಲ, ಆಸ್ಪತ್ರೆಗೂ ಹೋಗಲಿಲ್ಲ. ಜೀವನವಿಡೀ ಕಂಡಕಂಡದ್ದಕ್ಕೆಲ್ಲ ಕತ್ತರಿ ಹಾಕಿದ ಮನುಷ್ಯನಿಗೆ ತನ್ನ ಕಣ್ಣಿನ ಹತ್ತಿರ ಯಾರಾದರೂ ಬ್ಲೇಡು ತರುತ್ತಾರೆ ಅಂದರೆ ಎಲ್ಲಿಲ್ಲದ ಭಯ. ಗೆರೆಗೂ ಕತ್ತರಿಗೂ ಒಂದಿಂಚು ಅಂತರ ಬೀಳತೊಡಗಿದಾಗ ದಿಂಬಕ್ಕನಿಗೆ ಅರ್ಥವಾಯಿತು. ಅವಳೂ ಬಾಯಿ ಬಿಡಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಬಟ್ಟೆ ಹಾಸಿ, ಗೆರೆ ಎಳೆದು, ಗೆರೆಯುದ್ದಕ್ಕೂ ಗುಂಡುಸೂಜಿ ಚುಚ್ಚಿಟ್ಟು ತನ್ನ ಯಂತ್ರದ ಮುಂದೆ ಕೂರುತ್ತಿದ್ದಳು. ಭಾವ ಬಂದು, ಗಂಟಲು ಕ್ಯಾಕರಿಸಿ, ಎಡಗೈ ಬೆರಳಲ್ಲಿ ಸೂಜಿ ತಡವುತ್ತಾ ಬಲಗೈಯಲ್ಲಿ ಕತ್ತರಿ ಓಡಿಸುತ್ತಿದ್ದರು. "ನೋಡಿ ಕಲೀರಿ, ಗೆರೆ ನೋಡೋದೇ ಬೇಡ ನಂಗೆ," ಎಂದು ಬೇರೆ ಹೇಳಿಕೊಳ್ಳುತ್ತಿದ್ದರು. ಈ ಸೂಜಿಯ ವಿಷಯ ಅವರಿಬ್ಬರ ನಡುವೆ ಒಂದು ದಿನವೂ ಮಾತಿಗೆ ಬಂದಿರಲಿಲ್ಲ. ಒಂದು ಮಾತು ಹೇಳಿದ್ದರೆ ಮೇಜು ಅವಳದಾಗುತ್ತಿತ್ತು. ಗಂಡನನ್ನು ಸಾಕಿದ ಕೈಯನ್ನು ಬೀದಿಗೆ ತಳ್ಳಲು ಅವಳಿಗೆ ಬಾಯಿ ಬರಲಿಲ್ಲ.

ಹೀಗಿರುವಾಗ ಮ್ಯೂಸಿಯಂನಿಂದ ಒಬ್ಬ ಮೇಡಂ ಬಂದರು. ಹುಬ್ಬಿನ ಮೇಲೆ ಕನ್ನಡಕ ಏರಿಸಿಕೊಂಡ, ಮಾತಿಗೊಮ್ಮೆ "ಅಂದ್ರೆ" ಅನ್ನುವ ಸಣ್ಣ ಹೆಂಗಸು. ತಮ್ಮ ಮ್ಯೂಸಿಯಂನಲ್ಲಿ ಇನ್ನೂರು ವರ್ಷದ ಹಿಂದಿನ ಪ್ರಾಣಿ ಪುಸ್ತಕ ಇದೆ, ಅದರ ಚಿತ್ರಗಳನ್ನು ಬಟ್ಟೆ ಮೇಲೆ ಅಚ್ಚು ಹಾಕಿಸಿದ್ದೇವೆ, ನಲವತ್ತು ದಿಂಬು ಬೇಕು, ಎರಡೂ ಕಡೆ ಚಿತ್ರ ಬರಬೇಕು, ಶನಿವಾರ ಮ್ಯೂಸಿಯಂನಲ್ಲೇ ನಮ್ಮ ಹೊಸ ಅಂಗಡಿ ಬಾಗಿಲು ತೆರೆಯುತ್ತೆ ಎಂದರು. ಬಟ್ಟೆ ಅಷ್ಟೇ ಇರುವುದು, ಇನ್ನೊಂದು ಗಜ ಬೇಕಾದರೂ ತಿಂಗಳು ಕಾಯಬೇಕು ಎಂದೂ ಹೇಳಿದರು. ನಾಲ್ಕು ಥಾನು: ಹುಲಿ, ಸಿಂಹ, ಚಿರತೆ, ಕಾಡುಬೆಕ್ಕು. ಒಂದೊಂದು ಥಾನಿನಲ್ಲೂ ಒಂದೇ ಪ್ರಾಣಿ, ಒಂದರ ಹಿಂದೆ ಒಂದು, ಎಲ್ಲವೂ ಬಲಗಡೆ ಮುಖ ಮಾಡಿ ರೇಷನ್ ಅಂಗಡಿಯ ಸಾಲಿನ ಹಾಗೆ ನಿಂತಿದ್ದವು.

ಥಾನು ಬಿಚ್ಚಿದ ಕೂಡಲೇ ಕೋಣೆಯ ಹೆಂಗಸರೆಲ್ಲ ಬಂದು ಮುತ್ತಿಕೊಂಡರು. ಇದೆಂಥ ಹುಲಿ! ಕಾಲು ನಾಲ್ಕೂ ಒಂದೊಂದು ದಿಕ್ಕಿಗೆ. ಸಿಂಹಕ್ಕೆ ನಿವೃತ್ತ ಹೆಡ್‌ಮಾಸ್ತರರ ಮುಖ. ಚಿರತೆ ಯಾರದೋ ಚಾಡಿ ಹೇಳಲು ಬಂದವರ ಹಾಗೆ ನಗುತ್ತಿತ್ತು. ಕಾಡುಬೆಕ್ಕನ್ನು ನೋಡಿ ಜಿಪ್ಪು ಹಾಕುವವಳು, "ಅಯ್ಯೋ, ಇದು ನಮ್ಮತ್ತೆ," ಎಂದಳು.

"ಅಂದ್ರೆ, ಆ ಚಿತ್ರಕಾರ ಜೀವಂತ ಹುಲೀನ ನೋಡೇ ಇರ್ಲಿಲ್ಲ," ಎಂದು ಮೇಡಂ ವಿವರಿಸಿದರು. "ಹಡಗಲ್ಲಿ ಚರ್ಮ ತರಿಸ್ಕೊಂಡು, ಒಳಗೆ ಹುಲ್ಲು ತುಂಬಿ ನಿಲ್ಲಿಸಿ, ಅದನ್ನ ನೋಡಿ ಬರೆದಿದ್ದು."

"ಹಾಗಾದ್ರೆ ಅದೂ ದಿಂಬೇ ಅಲ್ವಾ ಮೇಡಂ," ಎಂದಳು ದಿಂಬಕ್ಕ. "ತುಂಬಿದವನಿಗೆ ಕೆಲಸ ಬರ್ತಿರ್ಲಿಲ್ಲ, ಅಷ್ಟೆ. ಸೊಂಟದಲ್ಲಿ ನೋಡಿ, ಹುಲ್ಲು ಸಾಲದೆ ಹೇಗೆ ಕುಸಿದಿದೆ."

ಮೇಡಂ ಕನ್ನಡಕ ಕೆಳಗಿಳಿಸಿ ಹುಲಿಯ ಸೊಂಟ ನೋಡಿದರು. ಹದಿನೈದು ವರ್ಷದಿಂದ ಆ ಚಿತ್ರ ನೋಡುತ್ತಿದ್ದರೂ ಅದು ಕಣ್ಣಿಗೆ ಬಿದ್ದಿರಲಿಲ್ಲ ಎಂದು ಒಪ್ಪಿಕೊಂಡರು. ದಿಂಬಕ್ಕನ ಎದೆ ಒಂದು ಇಂಚು ಉಬ್ಬಿತು.

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತೋ ಏನೋ, ಆದರೆ ಸೋಮವಾರ ಅವಳ ದವಡೆ ಹಲ್ಲು ಕೈಕೊಟ್ಟಿತು. ಡಾಕ್ಟರು ಹಲ್ಲು ಕಿತ್ತು, ಬಾಯಿ ತುಂಬ ಹತ್ತಿ ತುರುಕಿ ಕಳಿಸಿದರು. ಜೀವಮಾನವೆಲ್ಲ ಪರರಿಗೆ ಹತ್ತಿ ತುಂಬಿದವಳಿಗೆ ಕೊನೆಗೂ ಅದರ ರುಚಿ ಗೊತ್ತಾಯಿತು. ಮಂಗಳವಾರ ಊದಿದ ಕೆನ್ನೆ ಹೊತ್ತು ಮೆಟ್ಟಿಲು ಹತ್ತಿದಾಗ ಕೋಣೆಯಲ್ಲಿ ಒಂದು ಯಂತ್ರದ ಸದ್ದೂ ಇರಲಿಲ್ಲ. ಸಾಹುಕಾರರು ತಲೆ ಮೇಲೆ ಕೈ ಹೊತ್ತು ಹತ್ತಿ ಚೀಲದ ಮೇಲೆ ಕೂತಿದ್ದರು. ಮೇಜಿನ ಮೇಲೆ ಎಂಬತ್ತು ಚೌಕಗಳನ್ನು ಕತ್ತರಿಸಿ ಪೇರಿಸಿಟ್ಟಿತ್ತು.

ಆದದ್ದು ಇಷ್ಟು. ಭಾವ ಒಂದು ದಿನ ಕಾಯಬಹುದಿತ್ತು. ಆದರೆ ಸಾಹುಕಾರರು ಅವಸರ ಮಾಡಿದರು, ಆಗುವುದಿಲ್ಲ ಎನ್ನಲು ಮಾಸ್ಟರಿಗೆ ಬಾಯಿ ಬರಲಿಲ್ಲ. ನಲವತ್ತು ವರ್ಷ ಅವರು ಕತ್ತರಿಸಿದ್ದು ಹೂವು, ಬಳ್ಳಿ, ಪಟ್ಟೆ. ಹೂವಿನ ಬಟ್ಟೆಯನ್ನು ಎಲ್ಲಿಂದ ಕತ್ತರಿಸಿದರೂ ಹೂವೇ. ಅವರು ಮಡಿಕೆಯ ಮೇಲೆ ಮಡಿಕೆ ಹಾಕಿ, ಬಟ್ಟೆಯ ಅಂಚಿನಿಂದ ಅಳತೆ ಶುರು ಮಾಡಿ, ಹತ್ತೊಂಬತ್ತು ಇಂಚಿನ ಮರದ ಪಟ್ಟಿ ಒತ್ತಿಟ್ಟು, ಅದರ ಅಂಚನ್ನೇ ಬೆರಳಲ್ಲಿ ತಡವುತ್ತಾ ಸರಸರನೆ ಕತ್ತರಿಸಿಬಿಟ್ಟಿದ್ದರು. ಅಚ್ಚಿನವನೋ, ಪ್ರತಿ ಥಾನನ್ನೂ ಅರ್ಧ ಪ್ರಾಣಿಯಿಂದ ಶುರು ಮಾಡಿದ್ದ. ಹಾಗಾಗಿ ಕತ್ತರಿ ಬಿದ್ದದ್ದು ಎರಡು ಹುಲಿಗಳ ನಡುವಿನ ಖಾಲಿ ಜಾಗಕ್ಕಲ್ಲ, ಪ್ರತಿ ಹುಲಿಯ ಸೊಂಟಕ್ಕೆ. ಪ್ರತಿ ಚೌಕದಲ್ಲೂ ಎಡಕ್ಕೆ ಒಂದು ಹುಲಿಯ ಮುಂದಿನ ಅರ್ಧ, ಬಲಕ್ಕೆ ಇನ್ನೊಂದು ಹುಲಿಯ ಹಿಂದಿನ ಅರ್ಧ. ಅಂದರೆ ಒಂದು ಹುಲಿಯ ಮೂತಿ, ಅದರ ಮುಂದೆ ಸರಿಯಾಗಿ ಇನ್ನೊಂದರ ಬಾಲದ ಬುಡ. ಸಿಂಹವೂ ಹಾಗೆ, ಚಿರತೆಯೂ ಹಾಗೆ. ಕಾಡಿನ ರಾಜ ತನ್ನ ಮುಂದಿನವನ ಕುಂಡೆ ಮೂಸುತ್ತಾ ಹೆಡ್‌ಮಾಸ್ತರರ ಗಾಂಭೀರ್ಯದಲ್ಲಿ ನಿಂತಿದ್ದ.

"ಅಚ್ಚಿನೋನ್ದೇ ತಪ್ಪು," ಎಂದು ಭಾವ ಗೋಡೆಗೆ ಹೇಳುತ್ತಿದ್ದರು. "ಅರ್ಧದಿಂದ ಶುರು ಮಾಡ್ತಾರಾ ಯಾರಾದ್ರೂ?" ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದು ಇಂಥವರನ್ನು ನೋಡಿಯೇ ಹುಟ್ಟಿದ ಮಾತು.

ಬೇರೆ ದಿನವಾಗಿದ್ದರೆ ದಿಂಬಕ್ಕ ಅಚ್ಚಿನವನಿಂದ ಹಿಡಿದು ಚಿತ್ರಕಾರನವರೆಗೆ ಎಲ್ಲರ ಜನ್ಮ ಜಾಲಾಡಿಬಿಡುತ್ತಿದ್ದಳು. ಇವತ್ತು ಬಾಯಿ ತೆರೆಯುವ ಹಾಗಿರಲಿಲ್ಲ. ಬೈಯಲಾರದ ಸಂಕಟಕ್ಕೆ ಅವಳು ಸುಮ್ಮನೆ ಚೌಕಗಳನ್ನು ಒಂದೊಂದಾಗಿ ಎತ್ತಿ ನೋಡತೊಡಗಿದಳು. ಎಷ್ಟೋ ವರ್ಷದಲ್ಲಿ ಮೊದಲ ಸಲ ಅವಳ ಬಾಯಿ ಮುಚ್ಚಿತ್ತು, ಬಹುಶಃ ಅದಕ್ಕೇ ತಲೆ ಓಡಿತು. ಎರಡು ಹುಲಿ ಚೌಕಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಹಿಡಿದಳು. ಈಚೆ ಬದಿಯ ಬಲ ಅಂಚಿನಲ್ಲಿ ಅರ್ಧಕ್ಕೆ ನಿಂತ ಸೊಂಟ, ದಿಂಬು ತಿರುಗಿಸಿದರೆ ಆಚೆ ಬದಿಯಲ್ಲಿ ಮುಂದುವರಿದು ತಲೆಯಾಯಿತು. ಇನ್ನೊಂದು ಅಂಚಿನಲ್ಲೂ ಹಾಗೇ. ಎರಡು ಹುಲಿಗಳು, ಒಂದರ ಬಾಲದ ಹಿಂದೆ ಒಂದು, ದಿಂಬಿನ ಸುತ್ತ ನಿಲ್ಲದೆ ಸುತ್ತುತ್ತಿದ್ದವು.

ಅವಳು ಅದನ್ನು ಸಾಹುಕಾರರ ಮೂಗಿನ ಮುಂದೆ ಹಿಡಿದು ತಿರುಗಿಸಿದಳು. ಅವರಿಗೆ ಮೂರು ಸುತ್ತು ಬೇಕಾಯಿತು, ಆಮೇಲೆ ಎದ್ದು ನಿಂತರು.

ಹೇಳಿದಷ್ಟು ಸುಲಭದ ಕೆಲಸವಲ್ಲ ಅದು. ಹೊಲಿಗೆಗೆ ಆ ಕಡೆ ಅರ್ಧ ಇಂಚು, ಈ ಕಡೆ ಅರ್ಧ ಇಂಚು ಒಳಗೆ ಹೋಗುತ್ತದೆ. ಹುಲಿಗೆ ಸೊಂಟದಲ್ಲಿ ಒಂದಿಂಚು ಖೋತಾ. ಮೊದಲೇ ಕುಸಿದ ಸೊಂಟ. ಒಂದಿಂಚು ಹೋದರೆ ಈಚೆಯ ಪಟ್ಟೆಗೆ ಆಚೆಯ ಪಟ್ಟೆ ಕೂಡುವುದಿಲ್ಲ. ಸಿಂಹಕ್ಕೆ ಆ ರಗಳೆ ಇಲ್ಲ, ಚಿರತೆಯ ಚುಕ್ಕೆಯನ್ನು ಲೆಕ್ಕ ಇಡುವವರು ಯಾರು, ಕಾಡುಬೆಕ್ಕಿನ ಮುಖ ನೋಡಿದವರು ಸೊಂಟಕ್ಕೆ ಇಳಿಯುವುದಿಲ್ಲ. ಹುಲಿ ಮಾತ್ರ ಪ್ರಾಣ ತಿಂದಿತು. ದಿಂಬಕ್ಕ ಬದಿಯ ಹೊಲಿಗೆಗೆ ಕೂರಿಸುವ ಉಬ್ಬಂಚನ್ನು, ಆ ಪೈಪಿಂಗನ್ನೇ, ತೆಗೆದುಹಾಕಿದಳು, ಜಿಪ್ಪನ್ನು ಹೊಟ್ಟೆಯ ಕೆಳಗಿನ ಅಂಚಿಗೆ ತಳ್ಳಿದಳು, ಪಟ್ಟೆಗೆ ಪಟ್ಟೆ ಕೂಡುವವರೆಗೆ ಬಟ್ಟೆಯನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಸರಿಸಿ ಕೈಹೊಲಿಗೆ ಹಾಕಿ, ಆಮೇಲೆ ಯಂತ್ರ ಓಡಿಸಿದಳು. ನಾಲ್ಕು ಹುಲಿಗಳನ್ನು ಹೊಲಿದು ಬಿಚ್ಚಿದಳು, ಬಿಚ್ಚಿ ಹೊಲಿದಳು. ಉಳಿದವರು ಬೇರೆ ಪ್ರಾಣಿಗಳನ್ನು ಹಂಚಿಕೊಂಡರು. ಭಾವ ನಾಲ್ಕು ದಿನವೂ ಕಿಟಕಿಯ ಹತ್ತಿರ ಕೂತು ಅಚ್ಚಿನವನಿಗೆ ಬೈದರು.

ಶನಿವಾರ ಬೆಳಿಗ್ಗೆ ಮೇಡಂ ಬಂದರು. ಒಂದು ದಿಂಬು ಎತ್ತಿಕೊಂಡರು. ಹುಲಿಯ ಮೂತಿ ನೋಡಿದರು, ಅದರ ಮುಂದೆ ಇದ್ದದ್ದನ್ನೂ ನೋಡಿದರು. ಸಾಹುಕಾರರ ಬೆವರು ಮೂಗಿನ ತುದಿಗೆ ಬಂದು ನಿಂತಿತ್ತು. ಮೇಡಂ ದಿಂಬು ತಿರುಗಿಸಿದರು, ಮತ್ತೆ ತಿರುಗಿಸಿದರು, ಆಮೇಲೆ ಹತ್ತಿ ಚೀಲಕ್ಕೆ ಆನಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅಂದ್ರೆ, ನಮ್ಮ ಪುಸ್ತಕಾನ ಜನ ಅರ್ಧ ನಿಮಿಷ ನೋಡಿ ಮುಂದೆ ಹೋಗ್ತಾರೆ," ಎಂದರು ಉಸಿರು ಸಿಕ್ಕಿದ ಮೇಲೆ. "ಇದನ್ನ ಕೆಳಗಿಡೋದೇ ಇಲ್ಲ. ಇನ್ನೂ ನೂರು ಬೇಕು ನಂಗೆ, ಹೀಗೇ ಬೇಕು. ಇಂಥ ಯೋಚನೆ ಯಾರದು? ಹೀಗೆ ಕತ್ತರಿಸಿದ್ದು ಯಾರು?"

"ನಾನೇ ಮೇಡಂ," ಎಂದರು ಭಾವ, ಎದ್ದು ನಿಂತು. "ನಾನೇ ಕತ್ತರ್ಸಿದ್ದು."

ಸುಳ್ಳೂ ಅಲ್ಲ, ಅದೇ ದಿಂಬಕ್ಕನ ಹೊಟ್ಟೆಗೆ ಬೆಂಕಿ ಇಟ್ಟದ್ದು. ಬಾಯಿಂದ ಹತ್ತಿ ಆಚೆ ಬಂದು ಎರಡು ದಿನವಾಗಿತ್ತು, ಆದರೂ ಮಾತು ಹೊರಡಲಿಲ್ಲ. ಮೇಡಂ ಭಾವನ ಕೈ ಕುಲುಕಿದರು. ಸಾಹುಕಾರರು, ಎಲ್ಲ ಕಣ್ಣಾರೆ ಕಂಡಿದ್ದ ಅದೇ ಸಾಹುಕಾರರು, "ನಮ್ಮ ಮಾಸ್ಟರ್ ಅಂದ್ರೆ ಏನಂದ್ಕೊಂಡ್ರಿ," ಎಂದು ಹಲ್ಲು ಕಿರಿದರು. ಕೈ ಕೆಸರಾದರೆ ಬಾಯಿ ಮೊಸರಂತೆ. ಕೆಸರಾದ ಕೈ ಒಬ್ಬರದು, ಮೊಸರು ತಿಂದ ಬಾಯಿ ಇನ್ನೊಬ್ಬರದು.

ಮನೆಗೆ ಹೋಗಿ ಗಂಡನ ಮುಂದೆ ಎಲ್ಲ ಕಾರಿಕೊಂಡಳು. ಅವನು ಮೆತ್ತಗಿನ ಮನುಷ್ಯ. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಮುದ್ರೆ ಒತ್ತಿ ಯಾವುದರ ಮೇಲೂ ಜೋರಾಗಿ ಒತ್ತದ ಸ್ವಭಾವ ಬೆಳೆಸಿಕೊಂಡಿದ್ದ.

"ಅಣ್ಣ ಅಲ್ವಾ, ಬಿಡು," ಎಂದ. "ವಯಸ್ಸಾಯ್ತು. ಹೊಗಳಿಕೆ ಅವ್ರಿಗೇ ಇರ್ಲಿ."

"ಎಲ್ಲಾ ಅವ್ರಿಗೇ ಇರ್ಲಿ. ನಿಮ್ಮನ್ನ ಸಾಕಿದ್ದಕ್ಕೆ ನಾನು ಎಷ್ಟು ವರ್ಷ ಸೂಜಿ ಚುಚ್ಬೇಕು ಹೇಳಿ. ಒಂದು ಲೆಕ್ಕ ಕೊಡಿ, ಮುಗ್ಸಿಬಿಡ್ತೀನಿ."

ಗಂಡನಿಗೆ ಸೂಜಿಯ ಕತೆಯೇ ಗೊತ್ತಿರಲಿಲ್ಲ. ಅಂದು ಗೊತ್ತಾಯಿತು. ಅವನು ತಟ್ಟೆ ಪಕ್ಕಕ್ಕಿಟ್ಟ. "ಅಣ್ಣಂಗೆ ಕಣ್ಣು ಕಾಣಿಸ್ತಾ ಇಲ್ವಾ?" ಎಂದು ಕೇಳಿದ. ಅವನ ಬಾಯಿಂದ ಅವಳು ನಿರೀಕ್ಷಿಸಿದ್ದ ಪ್ರಶ್ನೆ ಅದಲ್ಲ. ಆದರೂ ಆ ಪ್ರಶ್ನೆ ರಾತ್ರಿಯೆಲ್ಲ ಅವಳನ್ನೂ ಬಿಡಲಿಲ್ಲ. ಎರಡು ವರ್ಷ ಸೂಜಿ ಚುಚ್ಚಿ ಅವಳು ಉಳಿಸಿದ್ದು ಭಾವನ ಕೆಲಸ ಮಾತ್ರ, ಕಣ್ಣು ಹೋದರೆ ಹೋಗಲಿ ಎಂದು ಬಿಟ್ಟ ಹಾಗೇ ಆಗಿತ್ತು.

ಆದರೆ ಅಣ್ಣನ ಮುಂದೆ ಕಣ್ಣಿನ ಮಾತೆತ್ತಲು ಗಂಡನಿಗೆ ಧೈರ್ಯ ಬರಲಿಲ್ಲ, ದಿಂಬಕ್ಕ ಸೂಜಿ ಚುಚ್ಚುವುದೂ ನಿಲ್ಲಲಿಲ್ಲ. ತಿಂಗಳ ಮೇಲೆ ಹೊಸ ಬಟ್ಟೆ ಬಂತು. ಮೇಡಂ ತಾವೂ ಬಂದರು, ಮಾಸ್ಟರ್ ಕತ್ತರಿಸುವುದನ್ನು ನೋಡಬೇಕಂತೆ. ಸಾಹುಕಾರರು ಅವರಿಗೊಂದು ಕುರ್ಚಿ ಹಾಕಿಸಿದರು. ಆ ಬೆಳಿಗ್ಗೆ ದಿಂಬಕ್ಕ ಬೇಗ ಬಂದಿರಲಿಲ್ಲ. ಬೇಕೆಂದೇ ಎಲ್ಲರ ಜೊತೆ ಬಂದು, ಬೇಕೆಂದೇ ತನ್ನ ಯಂತ್ರಕ್ಕೆ ಎಣ್ಣೆ ಬಿಡುತ್ತಾ ಕೂತಳು. ಈ ಸಲದ ಅಚ್ಚು ಬೇರೆ: ಅಚ್ಚಿನವನು ಬೈಗುಳ ಕೇಳಿಸಿಕೊಂಡವನ ಹಾಗೆ ಇಡೀ ಹುಲಿಯಿಂದ ಶುರು ಮಾಡಿದ್ದ. ಅಂಚಿನಿಂದ ಅಳೆದರೆ ಈ ಸಲ ಸೊಂಟ ಸಿಗುತ್ತಿರಲಿಲ್ಲ, ಹುಡುಕಬೇಕಿತ್ತು.

ಭಾವ ಕತ್ತರಿ ಹಿಡಿದು ಮೇಜಿನ ಮುಂದೆ ನಿಂತರು. ಎಡಗೈ ಬಟ್ಟೆಯ ಮೇಲೆ ಓಡಿತು. ಬಟ್ಟೆ ನುಣ್ಣಗಿತ್ತು, ಒಂದು ಸೂಜಿಯೂ ಇರಲಿಲ್ಲ. ಅವರು ಮತ್ತೊಮ್ಮೆ ತಡವಿದರು, ಈ ತುದಿಯಿಂದ ಆ ತುದಿಗೆ. ಮೇಡಂ ಕನ್ನಡಕ ಇಳಿಸಿಕೊಂಡು ಕಾಯುತ್ತಿದ್ದರು. ಭಾವ ದಿಂಬಕ್ಕನ ಕಡೆಗೆ ತಿರುಗಿದರು, ಸರಿಯಾಗಿ ಅವಳ ಕಡೆಗೂ ಅಲ್ಲ, ಪಕ್ಕದ ಯಂತ್ರದ ಕಡೆಗೆ.

"ಎಲ್ಲಿಂದ?" ಎಂದರು, ಹಲ್ಲಿನ ಸಂದಿಯಿಂದ.

"ಕೇಳಿಸ್ಲಿಲ್ಲ ಭಾವ," ಎಂದಳು ದಿಂಬಕ್ಕ. "ಸ್ವಲ್ಪ ಜೋರಾಗಿ ಹೇಳಿ."

ಅವಳು ಆ ಮಾತನ್ನು ಒಂದು ತಿಂಗಳಿಂದ ಬಾಯಲ್ಲಿಟ್ಟುಕೊಂಡು ಚಪ್ಪರಿಸುತ್ತಿದ್ದಳು. ಹೇಳಿಬಿಟ್ಟ ಮೇಲೆ ಅಷ್ಟೇನೂ ರುಚಿ ಅನ್ನಿಸಲಿಲ್ಲ. ಭಾವನ ಮುಖ ಬೆಳ್ಳಗಾಗಿತ್ತು, ಕತ್ತರಿಯ ಎರಡು ಅಲಗೂ ಗಾಳಿಯಲ್ಲಿ ಹಾಗೇ ತೆರೆದುಕೊಂಡಿದ್ದವು. ಎದ್ದು ಹೋಗಿ ಬೆರಳಿಟ್ಟು ತೋರಿಸಲೇ ಎಂದು ಅವಳು ಕಾಲು ನೆಲಕ್ಕೆ ಊರಿದಳು. ಅಷ್ಟರಲ್ಲಿ ಅವರು ಜೋರಾಗಿಯೇ ಹೇಳಿದರು.

"ಹುಲಿ ಕಾಣಿಸ್ತಾ ಇಲ್ಲ. ಯಾವುದೂ ಕಾಣಿಸ್ತಾ ಇಲ್ಲ. ಬರೀ ಹಳದಿ ಹೊಗೆ."

ಸಾಹುಕಾರರು ಕುರ್ಚಿಯ ಬೆನ್ನು ಹಿಡಿದುಕೊಂಡರು. "ಯಾವಾಗಿಂದ ಮಾಸ್ಟರ್?"

"ಎರಡು ವರ್ಷ ಆಯ್ತು."

"ಎರಡು ವರ್ಷ? ಹಾಗಾದ್ರೆ ಇಷ್ಟು ದಿನ ಕತ್ತರ್ಸಿದ್ದು ಯಾರು?"

ದಿಂಬಕ್ಕ ಉತ್ತರ ಸಿದ್ಧ ಮಾಡಿಕೊಂಡು ಬಂದಿದ್ದಳು. ಅದನ್ನು ಭಾವ ಅವಳ ಬಾಯಿಂದ ಕಿತ್ತುಕೊಂಡರು.

"ಇವ್ಳು," ಎಂದರು. "ಗೆರೆ ಇವ್ಳದು, ಸೂಜಿ ಇವ್ಳದು. ಅವತ್ತಿನ ಹುಲೀನೂ ಇವ್ಳದೇ. ನಾನು ಕತ್ತರಿ ಹಿಡ್ಕೊಂಡು ನಿಂತಿದ್ದೆ, ಅಷ್ಟೆ."

ಸಾಹುಕಾರರು ಅಭ್ಯಾಸಬಲದಿಂದ ಅಪ್ಪನ ಫೋಟೋ ಕಡೆ ನೋಡಿದರು. ಮೇಡಂ ಸಾಹುಕಾರರ ಕಡೆ ನೋಡುತ್ತಿದ್ದರು. ಭಾವ ಮೇಜು ಬಿಟ್ಟು ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಕತ್ತರಿಯನ್ನು ತಿರುಗಿಸಿ, ಹಿಡಿ ಮುಂದೆ ಮಾಡಿ ಗಾಳಿಯಲ್ಲಿ ಚಾಚಿದರು. ದಿಂಬಕ್ಕ ಹೋಗಿ ತೆಗೆದುಕೊಂಡಳು. ಸುಳ್ಳು ಯಾಕೆ ಹೇಳಬೇಕು, ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ನಾಚಿಕೆಯೂ ಅಷ್ಟೇ ಆಯಿತು.

"ಭಾವ," ಎಂದಳು, ಅವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ನಾಳೆ ಕಣ್ಣಾಸ್ಪತ್ರೆಗೆ ಹೋಗೋಣ. ನಾನೇ ಜೊತೆಗೆ ಬರ್ತೀನಿ."

"ಕೇಳಿಸ್ಲಿಲ್ಲ," ಎಂದರು ಭಾವ.

ಅವಳು ಜೋರಾಗಿ ಹೇಳಿದಳು. ಇಡೀ ಕೋಣೆಗೆ ಕೇಳಿಸಿತು.

"ಆಯ್ತು, ಹೋಗೋಣ," ಎಂದರು ಅವರು. "ಮೊದ್ಲು ಹುಲಿ ಕತ್ತರ್ಸು, ಮೇಡಂ ಕಾಯ್ತಿದ್ದಾರೆ."